ಆಂಪ್ ನೋಡಿ ಪೆಡಲ್ ಆರಿಸಿ: ಓವರ್‌ಡ್ರೈವ್, ಡಿಸ್ಟಾರ್ಷನ್, ಫಜ್‌ಗಳ ಹೋಲಿಕೆ

ಗಿಟಾರಿಗೆ ಡಿಸ್ಟಾರ್ಷನ್ ಪೆಡಲ್ (ದನಿಯನ್ನು ಒರಟು ಮಾಡುವ, ಕಾಲಿನಿಂದ ಒತ್ತುವ ಪೆಟ್ಟಿಗೆ) ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿಯದು ಚೆನ್ನಾಗಿದೆ?" ಅಂತ. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಪೆಡಲ್‌ನಿಂದ ಹೊರಟ ಕೇಬಲ್ ಹೋಗಿ ಯಾವುದಕ್ಕೆ ಸೇರುತ್ತದೆ? ಅದೇ ಟ್ಯೂಬ್ ಸ್ಕ್ರೀಮರ್ (ಹೆಸರಾದ ಒಂದು ಓವರ್‌ಡ್ರೈವ್ ಪೆಡಲ್) ಬಿಸಿಯಾದ ವಾಲ್ವ್ ಆಂಪ್‌ನ (ಗಾಜಿನ ಟ್ಯೂಬ್‌ಗಳಿರುವ ಆಂಪ್ಲಿಫೈಯರ್) ಮುಂದೆ ಇದ್ದರೆ ಒಂದೊಂದು ಸ್ವರವೂ ತುಂಬಿಕೊಂಡು ಬರುತ್ತದೆ. ಮುಂಬೈಯಲ್ಲಿ ಬ್ಯಾಂಡ್‌ಗಳು ಅಭ್ಯಾಸ ಮಾಡುವ ಜ್ಯಾಮ್ ರೂಮಿನ ಟ್ರಾನ್ಸಿಸ್ಟರ್ ಆಂಪ್‌ನ ಕ್ಲೀನ್ (ಒರಟಿಲ್ಲದ) ಚಾನೆಲ್‌ಗೆ ಹಾಕಿದರೆ ಮೂಗಿನಲ್ಲಿ ಹಾಡಿದ ಹಾಗೆ ಕೇಳುತ್ತದೆ. ಪೆಡಲ್ ಕೆಟ್ಟಿಲ್ಲ, ಜೋಡಿ ಸರಿಹೋಗಿಲ್ಲ, ಅಷ್ಟೆ.

ಮುಂಬೈ, ಪುಣೆ, ಗೋವಾಗಳಲ್ಲಿರುವ ನಮ್ಮ ಹುಡುಗರು ನುಡಿಸುವ ಜಾಗಗಳು ಹೆಚ್ಚುಕಮ್ಮಿ ಮೂರು ಬಗೆ. ಒಂದು, ಡೊಂಬಿವಲಿಯದೋ ಪಿಂಪ್ರಿಯದೋ ಫ್ಲ್ಯಾಟ್. ಅಲ್ಲಿ 10 ಇಲ್ಲವೇ 15 ವ್ಯಾಟ್‌ನ ಪ್ರಾಕ್ಟೀಸ್ ಆಂಪ್, ಪಕ್ಕದ ಮನೆಯವರು ಗೋಡೆ ಬಡಿಯದಷ್ಟು ಸದ್ದು. ಎರಡು, ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗುವ ಜ್ಯಾಮ್ ರೂಮ್. ಅಲ್ಲಿ ಯಾವ ಆಂಪ್ ಇದೆಯೋ ಅದೇ ಗತಿ, ಅದು ಬಹುಪಾಲು ಟ್ರಾನ್ಸಿಸ್ಟರ್ ಆಂಪ್. ಮೂರು, ಸಂಘದ ವಾರ್ಷಿಕೋತ್ಸವ, ಗಣಪತಿ ಪೆಂಡಾಲ್, ಗೋವಾದ ಬೀಚ್ ಶ್ಯಾಕ್. ಅಲ್ಲಿ ಆಂಪ್ ಇರುವುದೇ ಇಲ್ಲ, ಸೌಂಡ್‌ನವರು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರ್‌ಗೆ ಸೇರಿಸುವ ಪೆಟ್ಟಿಗೆ) ಕೈಗಿಟ್ಟು "ಭಾವೂ, ಇದಕ್ಕೇ ಹಾಕು" ಅಂದುಬಿಡುತ್ತಾರೆ. ಮೂರಕ್ಕೂ ಒಂದೇ ಪೆಡಲ್ ಒಗ್ಗುವುದು ಅಪರೂಪ. ನೀವು ಹೆಚ್ಚು ಹೊತ್ತು ಎಲ್ಲಿ ನುಡಿಸುತ್ತೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಒಳಗೆ ನಡೆಯುವುದೇನು

ಗಿಟಾರಿನ ಪಿಕಪ್‌ನಿಂದ (ತಂತಿಯ ಕಂಪನ ಹಿಡಿಯುವ ಭಾಗ) ಬರುವ ಸಿಗ್ನಲ್ ಬಹಳ ಸಣ್ಣದು. ಸಿಂಗಲ್ ಕಾಯಿಲ್ ಆದರೆ ನೂರಿನ್ನೂರು ಮಿಲಿವೋಲ್ಟ್, ಹಂಬಕರ್ (ಎರಡು ಕಾಯಿಲ್‌ನ ಪಿಕಪ್) ಆದರೆ ಇನ್ನಷ್ಟು. ಪೆಡಲ್ ಇದನ್ನು ಹತ್ತಾರು, ಕೆಲವೊಮ್ಮೆ ನೂರಾರು ಪಟ್ಟು ಹಿಗ್ಗಿಸುತ್ತದೆ. ಆಮೇಲೆ ಎರಡು ಡಯೋಡ್‌ಗಳು ಅಲೆಯ ಮೇಲ್ತುದಿಯನ್ನೂ ಕೆಳತುದಿಯನ್ನೂ ಕತ್ತರಿಸುತ್ತವೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್‌ನಲ್ಲಿ ಕತ್ತರಿಸುತ್ತದೆ, ಜರ್ಮೇನಿಯಂ ಸುಮಾರು 0.3ರಲ್ಲೇ ಶುರು ಮಾಡುತ್ತದೆ, ಕೆಂಪು ಎಲ್‌ಇಡಿ 1.7ರ ಹತ್ತಿರ. ಅದಕ್ಕೇ ಎಲ್‌ಇಡಿ ಇರುವ ಟರ್ಬೋ ರ್ಯಾಟ್ ಪೆಡಲ್, ಮಾಮೂಲಿ ರ್ಯಾಟ್‌ಗಿಂತ ಜೋರಾಗಿಯೂ ಬಿಚ್ಚಿಕೊಂಡಂತೆಯೂ ಕೇಳುವುದು.

ಡಯೋಡ್‌ಗಳನ್ನು ಎಲ್ಲಿ ಕೂರಿಸಿದ್ದಾರೆ ಅನ್ನುವುದರ ಮೇಲೆ ಪೆಡಲ್‌ನ ಸ್ವಭಾವವೇ ಬದಲಾಗುತ್ತದೆ. ಆಪ್-ಆಂಪ್‌ನ (ಸಿಗ್ನಲ್ ಹಿಗ್ಗಿಸುವ ಚಿಪ್) ಫೀಡ್‌ಬ್ಯಾಕ್ ದಾರಿಯಲ್ಲಿ ಕೂರಿಸಿದರೆ ಕತ್ತರಿಸಿದ ಅಂಚು ದುಂಡಗಿರುತ್ತದೆ, ಮೂಲ ಸಿಗ್ನಲ್ಲೂ ಒಂದಿಷ್ಟು ಬೆರೆತುಬರುತ್ತದೆ. ಮೆಲ್ಲಗೆ ಮೀಟಿದರೆ ಕ್ಲೀನ್, ಗಟ್ಟಿಯಾಗಿ ಮೀಟಿದರೆ ಒರಟು. ಇದು ಓವರ್‌ಡ್ರೈವ್. ಆಪ್-ಆಂಪ್ ದಾಟಿದ ಮೇಲೆ ಗ್ರೌಂಡ್‌ಗೆ ಕಟ್ಟಿದರೆ ಅಲೆ ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ, ಮೆಲ್ಲಗೆ ಮೀಟಿದರೂ ಒರಟು ಬಿಡುವುದಿಲ್ಲ. ಇದು ಡಿಸ್ಟಾರ್ಷನ್. ಫಜ್‌ನಲ್ಲಿ ಟ್ರಾನ್ಸಿಸ್ಟರ್‌ಗಳನ್ನೇ ಮಿತಿಮೀರಿ ತಳ್ಳಿ ಅಲೆಯನ್ನು ಚೌಕದ ಹತ್ತಿರಕ್ಕೆ ತರುತ್ತಾರೆ. ಡಬ್ಬದ ಮೇಲೆ ಬರೆದ ಹೆಸರನ್ನು ಪೂರ್ತಿ ನಂಬಬೇಡಿ. ಎಂಎಕ್ಸ್‌ಆರ್‌ನ ಡಿಸ್ಟಾರ್ಷನ್ ಪ್ಲಸ್ ಹೆಸರಿಗೆ ಡಿಸ್ಟಾರ್ಷನ್, ಕೈಗೆ ಹಿಡಿದರೆ ಓವರ್‌ಡ್ರೈವ್‌ಗೂ ಫಜ್‌ಗೂ ನಡುವೆ ಎಲ್ಲೋ ನಿಲ್ಲುತ್ತದೆ.

ಓವರ್‌ಡ್ರೈವ್: ಟ್ಯೂಬ್ ಸ್ಕ್ರೀಮರ್, ಎಸ್‌ಡಿ-1, ಬ್ಲೂಸ್ ಡ್ರೈವರ್

ಐಬನೇಜ್‌ನ ಟ್ಯೂಬ್ ಸ್ಕ್ರೀಮರ್ 70ರ ದಶಕದ ಕೊನೆಯಲ್ಲಿ ಟಿಎಸ್-808 ಆಗಿ ಬಂತು, 80ರ ದಶಕದ ಆರಂಭದಲ್ಲಿ ಟಿಎಸ್-9 ಆಯಿತು. ಅದರ ಗುಟ್ಟು ಡಿಸ್ಟಾರ್ಷನ್‌ಗಿಂತ ಹೆಚ್ಚಾಗಿ ಅದು ಬಿಟ್ಟುಕೊಡುವ ಬಾಸ್‌ನಲ್ಲಿ (ಕೆಳದನಿಯಲ್ಲಿ) ಇದೆ. ಕತ್ತರಿಸುವ ಹಂತದಲ್ಲಿ 4.7 ಕಿಲೋಓಮ್ ರೆಸಿಸ್ಟರ್, 0.047 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಸರಣಿಯಲ್ಲಿವೆ. ಲೆಕ್ಕ ಹಾಕಿದರೆ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಧ್ವನಿಗೆ ಗೇನ್ (ಹಿಗ್ಗಿಸುವ ಪ್ರಮಾಣ) ಕಮ್ಮಿಯಾಗುತ್ತಾ ಹೋಗುತ್ತದೆ. ದಪ್ಪ ತಂತಿಗಳ ಗುಂಯ್ ಅನ್ನುವ ಭಾಗ ಹೆಚ್ಚು ಕೆಡದೆ ಹಾದುಹೋಗುತ್ತದೆ, ನಡುದನಿ ಮಾತ್ರ ಉಬ್ಬುತ್ತದೆ.

ಈಗಾಗಲೇ ಒಡೆಯುತ್ತಿರುವ (ತಾನೇ ಒರಟು ದನಿ ಕೊಡುತ್ತಿರುವ) ವಾಲ್ವ್ ಆಂಪ್‌ಗೆ ಇದು ವರ. ಡ್ರೈವ್ (ಒರಟುತನದ ಗುಂಡಿ) ಪೂರ್ತಿ ಕೆಳಕ್ಕೆ, ಲೆವೆಲ್ ಗಡಿಯಾರದ 2 ಗಂಟೆಯ ಕಡೆಗೆ, ಟೋನ್ 12ಕ್ಕೆ. ಪೆಡಲ್ ಒರಟುತನ ಸೇರಿಸುವುದಿಲ್ಲ, ಆಂಪ್‌ನ ಒರಟುತನವನ್ನು ಬಿಗಿ ಮಾಡುತ್ತದೆ. ಮೆಟಲ್ ನುಡಿಸುವವರು ಹೈ ಗೇನ್ ಆಂಪ್‌ನ ಮುಂದೆಯೂ ಇದನ್ನು ಇಡುವುದು ಈ ಕಾರಣಕ್ಕೇ. ಅದೇ ಪೆಡಲನ್ನು ಪೂರ್ತಿ ಕ್ಲೀನ್ ಇರುವ ಟ್ರಾನ್ಸಿಸ್ಟರ್ ಆಂಪ್‌ಗೆ ಹಾಕಿ ಡ್ರೈವ್ ಪೂರ್ತಿ ಏರಿಸಿದರೆ, ಕಮ್ಮಿಯಾದ ಬಾಸ್ ಅನ್ನು ತುಂಬಿಕೊಡುವವರು ಮುಂದೆ ಯಾರೂ ಇರುವುದಿಲ್ಲ. ಹಾಗಾಗಿ ಡಬ್ಬಿಯೊಳಗಿನಿಂದ ಬಂದ ಹಾಗೆ ಕೇಳುತ್ತದೆ. ಅಂಥ ಆಂಪ್‌ನಲ್ಲಿ ಅದನ್ನೇ ಬಳಸಬೇಕಾಗಿ ಬಂದರೆ ಆಂಪ್‌ನ ಬಾಸ್ ಸ್ವಲ್ಪ ಏರಿಸಿ, ಮಿಡ್ (ನಡುದನಿ) ಸ್ವಲ್ಪ ಇಳಿಸಿ, ಡ್ರೈವ್ ಅರ್ಧಕ್ಕಿಂತ ಮೇಲೆ ಹೋಗಬೇಡಿ.

ಬಾಸ್ ಕಂಪನಿಯ ಎಸ್‌ಡಿ-1 ಕೂಡ ಅದೇ ಜಾತಿ, 1981ರಿಂದ ಬರುತ್ತಿದೆ. ಅದರಲ್ಲಿ ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು. ಅಲೆಯ ಎರಡು ಬದಿಯೂ ಸಮವಾಗಿ ಕತ್ತರಿಸುವುದಿಲ್ಲವಾದ್ದರಿಂದ ದನಿ ಕೊಂಚ ಒರಟು, ಕೊಂಚ ಮುಕ್ತ. ಬೂಸ್ಟ್‌ಗೆ ಬೇಕು ಅನ್ನುವವರು ಹೆಚ್ಚು ದುಡ್ಡು ಕೊಟ್ಟು ಟಿಎಸ್-9 ತರುವ ಬದಲು ಎಸ್‌ಡಿ-1 ತಂದರೆ ಸಾಕು. ಬ್ಯಾಂಡಿನ ನಡುವೆ ಇವೆರಡರ ವ್ಯತ್ಯಾಸ ಹಿಡಿಯುವವರು ಕಡಿಮೆ.

ಕ್ಲೀನ್ ಆಂಪ್ ಒಂದೇ ಇರುವವರಿಗೆ ಓವರ್‌ಡ್ರೈವ್ ಬೇಕೇ ಬೇಕು ಅಂದರೆ ನಮ್ಮ ಆಯ್ಕೆ ಬಿಡಿ-2 ಬ್ಲೂಸ್ ಡ್ರೈವರ್. ಬಾಸ್ ಹೆಚ್ಚು ಉಳಿಯುತ್ತದೆ, ನಡುದನಿ ಅಷ್ಟು ಉಬ್ಬುವುದಿಲ್ಲ, ಮೀಟುವ ಬೆರಳಿನ ಭಾರ ಚೆನ್ನಾಗಿ ಗೊತ್ತಾಗುತ್ತದೆ. ಗೇನ್ 2 ಗಂಟೆ ದಾಟಿದರೆ ದನಿ ಫಜ್ ಥರ ಒಡೆಯತೊಡಗುತ್ತದೆ, ಟ್ರೆಬಲ್ಲೂ (ಮೇಲ್ದನಿ) ಸ್ವಲ್ಪ ಜಾಸ್ತಿ. ಟೋನ್ 10–11ರಲ್ಲೇ ಇರಲಿ.

ಭಾವಗೀತೆಯನ್ನೋ ರಾಗವೊಂದನ್ನೋ ಗಿಟಾರಿನಲ್ಲಿ ನುಡಿಸುವವರಿಗೆ ಇಲ್ಲಿ ಒಂದು ಮಾತು. ಗಮಕ ಎಳೆಯಲು ಸ್ವರ ನಿಂತಿರಬೇಕು, ಕ್ಲೀನ್ ಗಿಟಾರಿನಲ್ಲಿ ಅದು ಬೇಗ ಕರಗಿಬಿಡುತ್ತದೆ. ನೆಕ್ ಪಿಕಪ್, ಗಿಟಾರಿನ ಟೋನ್ ಅರ್ಧ, ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್‌ನಲ್ಲಿ ಡ್ರೈವ್ 1 ಗಂಟೆಗೆ. ಸ್ವರ ನಿಲ್ಲುತ್ತದೆ, ಆದರೆ ಮೇಲಿನ ಕರ್ಕಶ ಬರುವುದಿಲ್ಲ. ಇಲ್ಲಿ ಮಾತ್ರ ಆ ಮೂಗುದನಿ ತೊಂದರೆಯಲ್ಲ, ಅದೇ ಬೇಕಾದದ್ದು.

ಡಿಸ್ಟಾರ್ಷನ್: ಡಿಎಸ್-1 ಮತ್ತು ರ್ಯಾಟ್

ಜ್ಯಾಮ್ ರೂಮಿನ ಕ್ಲೀನ್ ಆಂಪ್‌ಗೆ ನೇರವಾಗಿ ಹಾಕಿ ರಾಕ್ ನುಡಿಸಬೇಕೆಂದರೆ ಆಯ್ಕೆ ಇಲ್ಲಿಂದಲೇ ಆಗಬೇಕು. ಈ ಪೆಡಲ್‌ಗಳಿಗೆ ಆಂಪ್ ಒಡೆಯಬೇಕಾದ ಅಗತ್ಯವಿಲ್ಲ. ಎಲ್ಲವನ್ನೂ ತಾವೇ ಮಾಡುತ್ತವೆ.

ಕಿತ್ತಳೆ ಬಣ್ಣದ, ಬಾಸ್ ಕಂಪನಿಯ ಡಿಎಸ್-1 1978ರದು. ಅದರ ಮೇಲಿರುವ ದೊಡ್ಡ ದೂರು "ಕಿವಿ ಕೊರೆಯುತ್ತದೆ" ಅನ್ನುವುದು. ಹತ್ತರಲ್ಲಿ ಎಂಟು ಸಲ ಇದಕ್ಕೆ ಕಾರಣ ಟೋನ್ ಗುಂಡಿಯನ್ನು ನಡುವೆ ಇಟ್ಟಿರುವುದು. ಈ ಪೆಡಲ್‌ನ ಟೋನ್ ಸರ್ಕ್ಯೂಟ್ ಒಂದು ಬದಿಯಲ್ಲಿ ಬಾಸ್, ಇನ್ನೊಂದು ಬದಿಯಲ್ಲಿ ಟ್ರೆಬಲ್ ಬಿಡುವಂಥದ್ದು. ನಡುವೆ ನಿಲ್ಲಿಸಿದರೆ ಎರಡೂ ಬಂದು ನಡುದನಿಯಲ್ಲಿ ಹಳ್ಳ ಬೀಳುತ್ತದೆ. ಟೋನ್ ಅನ್ನು 9–10 ಗಂಟೆಗೆ ತನ್ನಿ, ಡಿಸ್ಟ್ (ಡಿಸ್ಟಾರ್ಷನ್ ಗುಂಡಿ) 11ಕ್ಕೆ, ಆಂಪ್‌ನ ಮಿಡ್ 2 ಗಂಟೆಯ ಹತ್ತಿರಕ್ಕೆ. ಅದೇ ಪೆಡಲ್ ಬೇರೆಯೇ ಆಗಿ ಕೇಳುತ್ತದೆ. ಸಿಂಗಲ್ ಕಾಯಿಲ್ ಗಿಟಾರಿನ ಬ್ರಿಡ್ಜ್ ಪಿಕಪ್‌ಗೆ ಟೋನ್ ಇನ್ನೂ ಕೆಳಗೆ ಹೋದರೂ ಅಡ್ಡಿಯಿಲ್ಲ.

ಪ್ರೋಕೋ ರ್ಯಾಟ್ ಕೂಡ 70ರ ದಶಕದ ಕೊನೆಯದೇ. ಹಳೆಯ ರ್ಯಾಟ್‌ನಲ್ಲಿ ಎಲ್‌ಎಂ308 ಅನ್ನುವ ಆಪ್-ಆಂಪ್ ಇತ್ತು. ಅದು ನಿಧಾನದ್ದು, ಒಂದು ಮೈಕ್ರೋಸೆಕೆಂಡಿಗೆ 0.3 ವೋಲ್ಟ್‌ನಷ್ಟೇ ಏರಬಲ್ಲದು. ಗೇನ್ ಏರಿಸಿದಾಗ ಚೂಪಾದ ಟ್ರೆಬಲ್‌ನ ವೇಗಕ್ಕೆ ಅದು ಓಡಲಾರದು, ಹಾಗಾಗಿ ಒರಟು ಇದ್ದರೂ ದನಿ ದಟ್ಟ. ಈಗಿನ ರ್ಯಾಟ್-2ರಲ್ಲಿ ಒಪಿ07 ಇದೆ, ಅದೂ ಅಷ್ಟೇ ನಿಧಾನ. ಎಲ್‌ಎಂ308 ಇದೆ ಅಂತ ಹೇಳಿ ಎರಡು ಪಟ್ಟು ಬೆಲೆ ಕೇಳುವವರಿಗೆ ಕೈಮುಗಿದು ಮುಂದೆ ಹೋಗಿ.

ರ್ಯಾಟ್‌ನಲ್ಲಿ ಮೊದಲ ಸಲ ಎಲ್ಲರೂ ಎಡವುವುದು ಫಿಲ್ಟರ್ ಗುಂಡಿಯಲ್ಲಿ. ಅದು ತಿರುಗುಮುರುಗು: ಬಲಕ್ಕೆ ತಿರುಗಿಸಿದಷ್ಟೂ ಟ್ರೆಬಲ್ ಕಮ್ಮಿಯಾಗುತ್ತದೆ. 1 ಗಂಟೆಯಿಂದ ಶುರು ಮಾಡಿ. ಡಿಸ್ಟಾರ್ಷನ್ 9ಕ್ಕಿಟ್ಟರೆ ಒರಟು ಓವರ್‌ಡ್ರೈವ್, 12ಕ್ಕಿಟ್ಟರೆ ರಾಕ್ ರಿದಂ, 3 ದಾಟಿದರೆ ಫಜ್‌ನ ಅಂಚು. ಒಂದೇ ಪೆಡಲ್ ಕೊಳ್ಳಲು ದುಡ್ಡಿದೆ, ಆಂಪ್ ಯಾವುದು ಸಿಗುತ್ತದೋ ಗೊತ್ತಿಲ್ಲ ಅನ್ನುವವರಿಗೆ ನಾವು ಹೇಳುವುದು ಇದನ್ನೇ. ಡಿಎಸ್-1 ಅಗ್ಗ, ಎಲ್ಲೆಲ್ಲೂ ಸಿಗುತ್ತದೆ, ಕಲಿಯಲು ಸಾಕು. ಆದರೆ ಅಪರಿಚಿತ ಆಂಪ್‌ನ ಮುಂದೆ ರ್ಯಾಟ್ ಕೈಕೊಡುವುದು ಕಡಿಮೆ.

ಮೆಟಲ್ ಪೆಡಲ್‌ಗಳು

ಬಾಸ್ ಕಂಪನಿಯ 1991ರ ಮೆಟಲ್ ಜೋನ್ ಎಂಟಿ-2 ಅಂದರೆ ನಗುವವರು ಬಹಳ. ಮಿಡ್ ಪೂರ್ತಿ ಇಳಿಸಿ, ಹೈ ಮತ್ತು ಲೋ ಪೂರ್ತಿ ಏರಿಸಿ ನುಡಿಸಿದರೆ ನಗುವುದೇ ಸರಿ. ಅದರ ಮಿಡ್ ಎರಡು ಗುಂಡಿಗಳದ್ದು. ಒಂದು ಎಷ್ಟು ಅನ್ನುವುದು, ಇನ್ನೊಂದು 200 ಹರ್ಟ್ಸ್‌ನಿಂದ 5 ಕಿಲೋಹರ್ಟ್ಸ್‌ವರೆಗೆ ಎಲ್ಲಿ ಅನ್ನುವುದು. ಮಿಡ್ ಫ್ರೀಕ್ವೆನ್ಸಿಯನ್ನು 600–800 ಹರ್ಟ್ಸ್‌ಗೆ ತಂದು ಅಲ್ಲಿ ಸ್ವಲ್ಪ ಏರಿಸಿ, ಹೈ 10 ಗಂಟೆಗೆ, ಡಿಸ್ಟ್ 10ಕ್ಕೆ. ಆಂಪ್ ಹಿಂದೆ ಎಫೆಕ್ಟ್ಸ್ ಲೂಪ್ ಇದ್ದರೆ ಮುಂದಿನ ಇನ್‌ಪುಟ್ ಬಿಟ್ಟು ಪೆಡಲನ್ನು ರಿಟರ್ನ್‌ಗೆ ಹಾಕಿ ನೋಡಿ. ಆಂಪ್‌ನ ಪ್ರೀಆಂಪ್ (ದನಿ ರೂಪಿಸುವ ಮೊದಲ ಹಂತ) ಬದಿಗೆ ಸರಿಯುತ್ತದೆ, ಮೆಟಲ್ ಜೋನೇ ಪ್ರೀಆಂಪ್ ಆಗುತ್ತದೆ. ಹಳಿದವರಲ್ಲಿ ಅರ್ಧ ಜನ ಈ ದಾರಿಯಲ್ಲಿ ಕೇಳಿಲ್ಲ.

ಅದೇ ಕಂಪನಿಯ ಎಚ್‌ಎಂ-2 ಒಂದೇ ಕೆಲಸಕ್ಕೆ, ಸ್ವೀಡನ್ನಿನ ಡೆತ್ ಮೆಟಲ್‌ನ ಗರಗಸದ ದನಿಗೆ. ಅದು ಬೇಕಿದ್ದವರಿಗೆ ಬೇರೇನೂ ಆಗದು, ಬೇಡದವರು ಅದರ ಕಡೆ ನೋಡುವುದೂ ಬೇಡ.

ಫಜ್: ಬಿಗ್ ಮಫ್, ಫಜ್ ಫೇಸ್

ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಬಿಗ್ ಮಫ್ ಮನೆಯಲ್ಲಿ ಒಬ್ಬರೇ ಕೂತು ನುಡಿಸಿದರೆ ಇಷ್ಟು ಚೆನ್ನಾಗಿರುವ ಪೆಡಲ್ ಇನ್ನೊಂದಿಲ್ಲ. ಬ್ಯಾಂಡ್ ಜತೆ ನಿಂತ ಕೂಡಲೇ ಮಾಯ. ಅದರ ಟೋನ್ ಸರ್ಕ್ಯೂಟ್ ಸುಮಾರು 1 ಕಿಲೋಹರ್ಟ್ಸ್ ಸುತ್ತಮುತ್ತ ಹಳ್ಳ ತೋಡುತ್ತದೆ. ಬಾಸ್ ಗಿಟಾರ್ ಕೆಳಗಿನದ್ದನ್ನು, ಸಿಂಬಲ್ ಮೇಲಿನದ್ದನ್ನು ಹಿಡಿದುಕೊಂಡರೆ ನಿಮಗೆ ಉಳಿಯುವ ಜಾಗ ಆ ನಡುವೆಯೇ. ಅದಕ್ಕೆ ಮಫ್‌ನ ನಂತರ ಟ್ಯೂಬ್ ಸ್ಕ್ರೀಮರ್ ಬಗೆಯದನ್ನು ಡ್ರೈವ್ ಸೊನ್ನೆಗಿಟ್ಟು ಹಚ್ಚಿ, ಹಳ್ಳ ತುಂಬುತ್ತದೆ. ಇಲ್ಲವೇ ಮಿಡ್ ಸ್ವಿಚ್ ಇರುವ ಮಫ್ ಹುಡುಕಿ.

ಫಜ್ ಫೇಸ್ 1966ರ ಸರ್ಕ್ಯೂಟ್, ಎರಡೇ ಟ್ರಾನ್ಸಿಸ್ಟರ್. ಜರ್ಮೇನಿಯಂ ಕೊಳ್ಳುವುದೋ ಸಿಲಿಕಾನ್ ಕೊಳ್ಳುವುದೋ ಅನ್ನುವುದಕ್ಕೆ ನಮ್ಮ ಊರುಗಳ ಹವೆಯೇ ಉತ್ತರ. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಬಿಸಿ ಏರಿದಂತೆ ಲೀಕೇಜ್ ಕರೆಂಟ್ ಏರುತ್ತದೆ, ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ವೋಲ್ಟೇಜ್ ಮಟ್ಟ) ಜಾರುತ್ತದೆ. ಎಸಿ ಕೋಣೆಯಲ್ಲಿ ಇಂಪಾಗಿದ್ದದ್ದು ಪುಣೆಯ ಏಪ್ರಿಲ್ ಮಧ್ಯಾಹ್ನ ತೆರೆದ ಸ್ಟೇಜಿನ ಮೇಲೆ ದನಿ ಕುಗ್ಗಿ, ಸ್ವರದ ಬಾಲ ಕತ್ತರಿಸಿದ ಹಾಗೆ ಉಗ್ಗತೊಡಗುತ್ತದೆ. ಹೊರಗೆ ಬಯಾಸ್ ಗುಂಡಿ ಇರುವ ಮಾದರಿಯಾದರೆ ತಿದ್ದಿಕೊಳ್ಳಬಹುದು. ಇಲ್ಲವಾದರೆ ಸಿಲಿಕಾನ್ ತೆಗೆದುಕೊಳ್ಳಿ. ಕೊಂಚ ಚೂಪು, ಆದರೆ ಮಾಘದಲ್ಲೂ ವೈಶಾಖದಲ್ಲೂ ಒಂದೇ ದನಿ.

ಫಜ್ ಫೇಸ್ ಗಿಟಾರಿಗೆ ನೇರವಾಗಿ ಸೇರಬೇಕು. ಅದರ ಇನ್‌ಪುಟ್ ಇಂಪೀಡನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಮ್ಮಿ, ಪಿಕಪ್ ಜತೆ ಸೇರಿಯೇ ಅದರ ದನಿ ಹುಟ್ಟುವುದು. ನಡುವೆ ಬಾಸ್ ಕಂಪನಿಯ ಟ್ಯೂನರ್‌ನಂಥ, ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ ದನಿ ಚುಚ್ಚತೊಡಗುತ್ತದೆ, ಗಿಟಾರಿನ ವಾಲ್ಯೂಮ್ ಇಳಿಸಿದಾಗ ಸಿಗುವ ಆ ಚೆಂದದ ಕ್ಲೀನ್ ಕೂಡ ಹೋಗುತ್ತದೆ. ಆದ್ದರಿಂದ ಕ್ರಮ ಹೀಗೆ: ಗಿಟಾರ್, ಫಜ್, ಟ್ಯೂನರ್, ಓವರ್‌ಡ್ರೈವ್, ಡಿಸ್ಟಾರ್ಷನ್, ಕೋರಸ್, ಕೊನೆಗೆ ಡಿಲೇ, ರಿವರ್ಬ್. ಡಿಲೇ ಮುಂದೆ ಬಂದರೆ ಮರುದನಿಗಳೆಲ್ಲ ಡಿಸ್ಟಾರ್ಷನ್‌ಗೆ ನುಗ್ಗಿ ಕಲಸಿಹೋಗುತ್ತವೆ. ಇನ್ನು ಎಲ್ಲ ಪೆಡಲ್‌ಗಳೂ ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲ್ ಬಫರ್ ಇಲ್ಲದೆ ನೇರ ಹಾದುಹೋಗುವಂಥದ್ದು) ಇರಲಿ ಅನ್ನುವ ಹಟ ಬೇಡ. ಕೇಬಲ್‌ಗೆ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಕೆಪ್ಯಾಸಿಟೆನ್ಸ್ ಇರುತ್ತದೆ. ಒಂದೂ ಬಫರ್ ಇಲ್ಲದೆ ಹತ್ತು ಹನ್ನೆರಡು ಮೀಟರ್ ಎಳೆದರೆ ಟ್ರೆಬಲ್ ಕೇಬಲ್‌ನಲ್ಲೇ ಉಳಿದುಬಿಡುತ್ತದೆ.

ಆಂಪ್ ಇಲ್ಲದ ಸ್ಟೇಜು

ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ಸಭಾಂಗಣವಿರಲಿ, ಬೀದಿಯ ಪೆಂಡಾಲ್ ಇರಲಿ, ಡಿಸ್ಟಾರ್ಷನ್ ಪೆಡಲನ್ನು ನೇರ ಮಿಕ್ಸರ್‌ಗೆ ಕೊಟ್ಟರೆ ಬರುವುದು ಡಬ್ಬದಲ್ಲಿ ಕೂಡಿಹಾಕಿದ ಜೇನುಹುಳದ ಸದ್ದು. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್‌ನ ಮೇಲಿನದ್ದನ್ನು ಹೆಚ್ಚುಕಮ್ಮಿ ಕೈಬಿಡುತ್ತದೆ. ಪಿಎ (ಸಭೆಗೆ ಕೇಳಿಸುವ) ಸ್ಪೀಕರ್‌ನ ಹಾರ್ನ್ ಅದನ್ನೆಲ್ಲ ನಿಷ್ಠೆಯಿಂದ ಕೇಳಿಸುತ್ತದೆ. ಡಯೋಡ್ ಕತ್ತರಿಸಿದಾಗ ಹುಟ್ಟಿದ ಕಸವೆಲ್ಲ ಇರುವುದೂ ಅಲ್ಲೇ.

ಬೇಕಾಗಿರುವುದು ಸ್ಪೀಕರ್ ಕ್ಯಾಬಿನೆಟ್ಟಿನ ನಕಲು. ಅಗ್ಗದ ದಾರಿ ಜೋಯೋದ ಅಮೆರಿಕನ್ ಸೌಂಡ್‌ನಂಥ ಪೆಡಲ್. ಅದರೊಳಗೇ ಸ್ಪೀಕರ್ ಸಿಮ್ಯುಲೇಷನ್ ಇದೆ. ರ್ಯಾಟ್‌ನ ನಂತರ ಅದನ್ನು ಸದಾ ಹಚ್ಚಿಟ್ಟು ಅಲ್ಲಿಂದ ಡಿಐಗೆ ಕೊಡಿ. ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸುವವರಿಗೆ, ಒಂದು ಹಾಡಿಗೆ ಕೋರಸ್, ಮುಂದಿನದಕ್ಕೆ ಡಿಸ್ಟಾರ್ಷನ್ ಲೀಡ್ ಅಂತಿದ್ದರೆ, ಬಿಡಿ ಪೆಡಲ್‌ಗಳ ಮೋಹ ಬಿಟ್ಟು ಝೂಮ್ ಜಿ1 ಫೋರ್, ಬಾಸ್ ಕಂಪನಿಯ ಜಿಟಿ-1, ವ್ಯಾಲೆಟನ್ ಜಿಪಿ-100ರಂಥ ಮಲ್ಟಿ ಎಫೆಕ್ಟ್ಸ್ ತೆಗೆದುಕೊಳ್ಳುವುದೇ ಜಾಣತನ. ಸೌಂಡ್‌ಚೆಕ್‌ಗೆ ಐದು ನಿಮಿಷವೂ ಸಿಗದ ಕಡೆ ಮೊದಲೇ ಕೂಡಿಸಿಟ್ಟ ಪ್ಯಾಚ್ ಕಾಪಾಡುತ್ತದೆ. ಆದರೆ ಆ ಪ್ಯಾಚ್‌ಗಳನ್ನು ಹೆಡ್‌ಫೋನ್‌ನಲ್ಲಿ ಮಾತ್ರ ಕೂಡಿಸಬೇಡಿ. ಅಲ್ಲಿ ಹಿತವೆನಿಸಿದ ಬಾಸ್ ದೊಡ್ಡ ಸ್ಪೀಕರಿನಲ್ಲಿ ಗದ್ದಲವಾಗುತ್ತದೆ, ರಿವರ್ಬ್ ಎರಡರಷ್ಟು ಕೇಳುತ್ತದೆ.

ಫ್ಲ್ಯಾಟಿನಲ್ಲಿ ಕೂಡಿಸಿದ ಸೆಟ್ಟಿಂಗ್ ಬ್ಯಾಂಡಿನಲ್ಲಿ ಕೆಡುವುದೂ ಇದೇ ಕಾರಣಕ್ಕೆ. ಸದ್ದು ಕಮ್ಮಿ ಇದ್ದಾಗ ನಮ್ಮ ಕಿವಿಗೆ ಬಾಸ್ ಮತ್ತು ತೀರಾ ಮೇಲಿನ ಟ್ರೆಬಲ್ ಸರಿಯಾಗಿ ಕೇಳುವುದಿಲ್ಲ. ಅದಕ್ಕೆ ಕೈ ತಾನಾಗಿ ಅವೆರಡನ್ನು ಏರಿಸಿ ಮಿಡ್ ಇಳಿಸುತ್ತದೆ. ಜ್ಯಾಮ್ ರೂಮಿನ ಸದ್ದಿಗೆ ಹೋದಾಗ ಬಾಸ್ ಗುಮ್ಮೆನ್ನುತ್ತದೆ, ಟ್ರೆಬಲ್ ಕೊರೆಯುತ್ತದೆ, ನಡುವೆ ಏನೂ ಇಲ್ಲ. ಬ್ಯಾಂಡಿನ ಜತೆ ನಿಂತು ಮತ್ತೆ ಕೂಡಿಸಿ: ಬಾಸ್ ಇಳಿಸಿ, ಮಿಡ್ ಏರಿಸಿ, ಮನೆಯಲ್ಲಿಟ್ಟಿದ್ದ ಗೇನ್‌ನ ಮುಕ್ಕಾಲು ಪಾಲಿಗೆ ತನ್ನಿ. ಗೇನ್ ಹೆಚ್ಚಿದಷ್ಟೂ ಕಂಪ್ರೆಷನ್ (ಜೋರು, ಮೆಲು ಒಂದೇ ಮಟ್ಟಕ್ಕೆ ಬರುವುದು) ಹೆಚ್ಚಿ ಮೀಟಿದ ಏಟು ಮೊಂಡಾಗುತ್ತದೆ. ಡ್ರಮ್ಸ್ ನಡುವೆ ನಿಮ್ಮನ್ನು ಕೇಳಿಸುವುದು ಆ ಏಟೇ. ಆರೂ ತಂತಿಯ ಕಾರ್ಡ್ ಕಲಸಿಹೋಗುತ್ತಿದ್ದರೆ ಪೆಡಲ್ ಬದಲಿಸುವ ಮೊದಲು ಮೂಲ ಸ್ವರ ಮತ್ತು ಪಂಚಮ ಎರಡನ್ನೇ ಹಿಡಿದು ನುಡಿಸಿ.

ಕರೆಂಟು, ಅಡಾಪ್ಟರು, ಹಮ್

ಹೆಚ್ಚಿನ ಪೆಡಲ್‌ಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಲ್ಯಾಮಿಂಗ್ಟನ್ ರೋಡಿನಲ್ಲೋ ಪುಣೆಯ ತಾಪ್ಕೀರ್ ಗಲ್ಲಿಯಲ್ಲೋ ರೌಟರ್‌ಗೆಂದು ಮಾರುವ ಅಡಾಪ್ಟರ್‌ಗಳಲ್ಲಿ ಸಾಮಾನ್ಯವಾಗಿ ನಡುವೆ ಪಾಸಿಟಿವ್. ಪ್ಲಗ್ ನೋಡಲು ಒಂದೇ ಥರ, ಸಲೀಸಾಗಿ ಒಳಗೂ ಹೋಗುತ್ತದೆ. ಆದ್ದರಿಂದ ಅಂಗಡಿಯಲ್ಲೇ ಮಲ್ಟಿಮೀಟರ್ ಕೇಳಿ ಅಳೆಯಿರಿ. ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಕೆಂಪು ಮೊನೆ ಪ್ಲಗ್ಗಿನ ತೂತಿನೊಳಗೆ, ಕಪ್ಪು ಮೊನೆ ಹೊರ ತಗಡಿಗೆ. ಮೈನಸ್ 9 ತೋರಿಸಿದರೆ ಸರಿ. ಮೈನಸ್ ಚಿಹ್ನೆ ಇಲ್ಲದಿದ್ದರೆ ಮುಟ್ಟಬೇಡಿ. ಮೈನಸ್ 13, 14 ತೋರಿಸಿದರೆ ಅದು ರೆಗ್ಯುಲೇಟ್ ಆಗದ ಹಳೇ ಟ್ರಾನ್ಸ್‌ಫಾರ್ಮರ್ ಅಡಾಪ್ಟರ್, ಹಮ್ (ಗುಂಯ್‌ಗುಡುವ ಸದ್ದು) ಖಂಡಿತ.

ತಪ್ಪಿ ಉಲ್ಟಾ ಹಾಕಿಬಿಟ್ಟು ಪೆಡಲ್ ಸತ್ತಿದ್ದರೆ ಗಾಬರಿ ಬೇಡ. ಹಲವು ಪೆಡಲ್‌ಗಳಲ್ಲಿ ಕರೆಂಟ್ ಒಳಬರುವ ಕಡೆಯೇ ರಕ್ಷಣೆಗೆ ಒಂದು ಡಯೋಡ್ ಇರುತ್ತದೆ. ಅದು ತಾನು ಶಾರ್ಟ್ ಆಗಿ ಉಳಿದದ್ದನ್ನು ಉಳಿಸಿರುತ್ತದೆ. ರಿಪೇರಿಯವರಿಗೆ ಮೊದಲು ಅದನ್ನೇ ನೋಡಲು ಹೇಳಿ, ಬೆಲೆ ಕೆಲವು ರೂಪಾಯಿ.

ಅನಲಾಗ್ ಓವರ್‌ಡ್ರೈವ್‌ಗಳು ಎಳೆಯುವ ಕರೆಂಟ್ ಕೆಲವೇ ಮಿಲಿಆಂಪ್. ನಾಲ್ಕೈದನ್ನು ಒಂದೇ ಅಡಾಪ್ಟರ್‌ನಿಂದ ಡೇಸಿ ಚೈನ್ ಮಾಡಿದರೆ (ಸರದಂತೆ ಜೋಡಿಸಿದರೆ) ತೊಂದರೆ ಇಲ್ಲ. ಅದೇ ಸರಕ್ಕೆ ಡಿಜಿಟಲ್ ಡಿಲೇ ಸೇರಿದರೆ ಅದರ ಕ್ಲಾಕ್‌ನ ಕೀರಲು ಡಿಸ್ಟಾರ್ಷನ್ ಪೆಡಲಿಗೆ ಹತ್ತಿ ನೂರು ಪಟ್ಟಾಗಿ ಕೇಳುತ್ತದೆ. ಡಿಜಿಟಲ್‌ಗೆ ಬೇರೆ ಅಡಾಪ್ಟರ್ ಕೊಡಿ, ಇಲ್ಲವೇ ಐಸೋಲೇಟೆಡ್ ಪವರ್ ಸಪ್ಲೈ ಕೊಳ್ಳಿ. ಪಿಎನ್‌ಪಿ ಬಗೆಯ ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಜ್‌ಗಳಲ್ಲಿ ಪಾಸಿಟಿವ್ ಗ್ರೌಂಡ್ ಇರುವುದುಂಟು. ಅದನ್ನು ಸರಕ್ಕೆ ಸೇರಿಸಿದರೆ ಸಪ್ಲೈ ಶಾರ್ಟ್. ಅದಕ್ಕೆ ಬ್ಯಾಟರಿಯೇ ಸರಿ. ಬ್ಯಾಟರಿ ಹಾಕಿದ ಪೆಡಲ್‌ನ ಇನ್‌ಪುಟ್ ಕೇಬಲ್ ಕೆಲಸ ಮುಗಿದ ಮೇಲೆ ಕಿತ್ತಿಡಿ. ಕೇಬಲ್ ಒಳಗಿದ್ದಷ್ಟು ಹೊತ್ತೂ, ದೀಪ ಆರಿದ್ದರೂ, ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಹಮ್‌ಗೆ ಬಂದರೆ, ಗೇನ್ ಹೆಚ್ಚಿದಂತೆ ಅದೂ ಹೆಚ್ಚುವುದು ಸಹಜ. ಸಿಂಗಲ್ ಕಾಯಿಲ್ ಗಿಟಾರ್ ಹಿಡಿದು ಕೂತ ಜಾಗದಲ್ಲೇ ನಿಧಾನಕ್ಕೆ ಸುತ್ತು ತಿರುಗಿ. ಒಂದು ದಿಕ್ಕಿನಲ್ಲಿ ಕಮ್ಮಿಯಾದರೆ ಅದು ಪಿಕಪ್ ಎಳೆದುಕೊಳ್ಳುತ್ತಿರುವುದು, ಪೆಡಲ್‌ನದಲ್ಲ. ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ದೀಪ ಆರಿಸಿ ನೋಡಿ. ತಂತಿ ಮುಟ್ಟಿದಾಗ ಹಮ್ ಇಳಿಯಬೇಕು, ಅದು ಸರಿಯಾದ ಲಕ್ಷಣ. ಮುಟ್ಟಿದಾಗ ಏರಿದರೆ ಗಿಟಾರಿನ ಜ್ಯಾಕ್‌ನಲ್ಲಿ ಎರಡು ವೈರ್ ಅದಲುಬದಲಾಗಿರಬಹುದು. ನಾಯ್ಸ್ ಗೇಟ್ ಮೊದಲ ಉಪಾಯವಲ್ಲ, ಕೊನೆಯದು. ಅದು ನೀವು ನುಡಿಸದಿದ್ದಾಗ ಮಾತ್ರ ಬಾಯಿ ಮುಚ್ಚಿಸುತ್ತದೆ.

ಹಳೆಯ ಚಾಳುಗಳಲ್ಲಿ, ಪೆಂಡಾಲ್‌ನ ಜನರೇಟರ್ ಲೈನಿನಲ್ಲಿ ಅರ್ಥಿಂಗ್ ಇಲ್ಲದಿರಬಹುದು. ಹಮ್ ಹೋಗಲೆಂದು ಆಂಪ್‌ನ ಮೂರನೇ ಪಿನ್ ಕಿತ್ತುಹಾಕುವವರಿದ್ದಾರೆ. ದಯವಿಟ್ಟು ಬೇಡ, ಅದು ಜೀವಕ್ಕೆ ಬರುವ ಮಾತು. ಆಂಪ್, ಪೆಡಲ್ ಅಡಾಪ್ಟರ್, ಮಿಕ್ಸರ್ ಎಲ್ಲಕ್ಕೂ ಒಂದೇ ಬೋರ್ಡಿನಿಂದ ಕರೆಂಟ್ ತೆಗೆದುಕೊಳ್ಳಿ. ಹಾಡುತ್ತಾ ನುಡಿಸುವವರು ಮೈಕ್‌ಗೆ ತುಟಿ ತಾಗಿಸುವ ಮುನ್ನ ಮೀಟರನ್ನು ಎಸಿಗೆ ತಿರುಗಿಸಿ ಗಿಟಾರ್ ತಂತಿಗೂ ಮೈಕಿನ ಜಾಲರಿಗೂ ನಡುವೆ ಅಳೆಯಿರಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ಬಂದರೆ ಎಲೆಕ್ಟ್ರಿಷಿಯನ್ ಬರುವ ತನಕ ಶುರು ಮಾಡಬೇಡಿ.

ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡಿನಲ್ಲಿ

ಧೋಬಿ ತಲಾವ್‌ನ ಫುರ್ಟಾಡೋಸ್‌ನಂಥ ಅಂಗಡಿಗೆ ಹೋದರೆ ನಿಮ್ಮದೇ ಗಿಟಾರ್ ಒಯ್ಯಿರಿ, ನಿಮ್ಮ ಆಂಪ್ ಎಂಥದೋ ಅಂಥದ್ದಕ್ಕೇ ಹಾಕಿಸಿ. ಎರಡು ಪೆಡಲ್ ಹೋಲಿಸುವಾಗ ಎರಡರ ಲೆವೆಲ್ಲೂ ಪೆಡಲ್ ಆಫ್ ಇದ್ದಾಗಿನ ಸದ್ದಿಗೆ ಸಮ ಮಾಡಿಕೊಳ್ಳಿ. ಕೊಂಚ ಜೋರಿರುವುದೇ ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ, ಅರ್ಧ ವ್ಯಾಪಾರ ನಡೆಯುವುದೇ ಇದರ ಮೇಲೆ. ಲೀಡ್ ನುಡಿಸಿ ತೀರ್ಮಾನಿಸಬೇಡಿ. ಎರಡು ತಂತಿಯ ರಿದಂ, ಒಂದು ಪೂರ್ತಿ ಕಾರ್ಡ್, ಆಮೇಲೆ ಗಿಟಾರಿನ ವಾಲ್ಯೂಮ್ 6ಕ್ಕೆ ಇಳಿಸಿ ಮತ್ತದೇ. ಈ ಮೂರರಲ್ಲಿ ಪೆಡಲ್‌ನ ಬಣ್ಣ ಗೊತ್ತಾಗುತ್ತದೆ. ಬೆರಿಂಜರ್, ಜೋಯೋ, ಡಾನರ್‌ಗಳ ಅಗ್ಗದ ನಕಲುಗಳು ದನಿಯಲ್ಲಿ ಮೂಲಕ್ಕೆ ತೀರಾ ಹತ್ತಿರ. ದುಡ್ಡು ಉಳಿಯುವುದು ಪೆಟ್ಟಿಗೆ, ಜ್ಯಾಕ್, ಸ್ವಿಚ್‌ಗಳಲ್ಲಿ. ಮನೆಗೆ ಸಾಕು, ವಾರಕ್ಕೆರಡು ಕಾರ್ಯಕ್ರಮ ಕೊಡುವವರಿಗೆ ಪ್ಲಾಸ್ಟಿಕ್ ಪೆಟ್ಟಿಗೆ ಬೇಡ.

ಸೆಕೆಂಡ್ ಹ್ಯಾಂಡ್ ನೋಡಲು ಹೋಗುವಾಗ ಹೊಸ 9 ವೋಲ್ಟ್ ಬ್ಯಾಟರಿಯೊಂದು ಜೇಬಿನಲ್ಲಿರಲಿ, ಮಾರುವವರ ಅಡಾಪ್ಟರ್‌ನ ಹಮ್ ಮೇಲೆ ವಾದ ಬೇಡ. ಗುಂಡಿಗಳನ್ನು ಒಂದೊಂದಾಗಿ ತುದಿಯಿಂದ ತುದಿಗೆ ತಿರುಗಿಸಿ ಕೇಳಿ. ಜ್ಯಾಕ್‌ನಲ್ಲಿ ಕೇಬಲನ್ನು ಮೆಲ್ಲಗೆ ಅಲ್ಲಾಡಿಸಿ. ಸ್ವಿಚ್ ಇಪ್ಪತ್ತು ಸಲ ಒತ್ತಿ. ಹಿಂದಿನ ಮುಚ್ಚಳ ತೆಗೆದು ಬ್ಯಾಟರಿ ಸೋರಿದ ಹಸಿರು ಕಲೆ ಇದೆಯೇ ನೋಡಿ. ಗುಂಡಿ ಕರಕರ ಅನ್ನುವುದಷ್ಟೇ ದೋಷವಾದರೆ ಬೆಲೆ ಇಳಿಸಿ ತಗೊಳ್ಳಿ, ಅದು ಸಮುದ್ರದ ಗಾಳಿಯ ಕೆಲಸ. ಗೋವಾದಲ್ಲಿ, ಮುಂಬೈಯಲ್ಲಿ ಒಂದು ಮಳೆಗಾಲ ಕಳೆದರೆ ಹೊಸ ಪೆಡಲಿಗೂ ಬರುತ್ತದೆ. ಕರೆಂಟ್ ಕಿತ್ತು, ಪೊಟೆನ್ಶಿಯೋಮೀಟರಿನ ಸಂದಿಗೆ ಕಾಂಟ್ಯಾಕ್ಟ್ ಕ್ಲೀನರ್ ಒಂದೇ ಚಿಮ್ಮು ಬಿಟ್ಟು, ಗುಂಡಿಯನ್ನು ಇಪ್ಪತ್ತು ಮೂವತ್ತು ಸಲ ಆಚೀಚೆ ತಿರುಗಿಸಿ ಒಣಗಲು ಬಿಡಿ. ಡಬ್ಲ್ಯೂಡಿ-40 ಬೇಡ, ಅದು ಎಣ್ಣೆಯ ಪೊರೆ ಬಿಟ್ಟು ಧೂಳು ಹಿಡಿಯುತ್ತದೆ. ಎರಡು ಸಲ ಮಾಡಿದರೂ ಕರಕರ ಹೋಗದಿದ್ದರೆ ಪೊಟೆನ್ಶಿಯೋಮೀಟರೇ ಬದಲಿಸಬೇಕು. ಅದರ ಹಿಂದೆ ಬಿ100ಕೆ, ಎ100ಕೆ ಅಂತ ಅಚ್ಚಾಗಿರುತ್ತದೆ. ಅಕ್ಷರ, ಅಂಕಿ ಎರಡೂ ಬರೆದುಕೊಂಡು ಹೋಗಿ, ಬಿ ಬದಲು ಎ ತಂದರೆ ಗುಂಡಿಯ ಬದಲಾವಣೆಯೆಲ್ಲ ಒಂದೇ ಮೂಲೆಯಲ್ಲಿ ಗುಂಪಾಗಿಬಿಡುತ್ತದೆ. ಜೂನ್ ಬರುವ ಮೊದಲು ಪೆಡಲ್‌ಬೋರ್ಡಿನ ಚೀಲದೊಳಗೆ ನಾಲ್ಕೈದು ಸಿಲಿಕಾ ಜೆಲ್ ಪೊಟ್ಟಣ ಇಡಿ, ನೆನೆದ ಚೀಲವನ್ನು ಮುಚ್ಚಿ ಅಟ್ಟದ ಮೇಲೆ ಎಸೆಯಬೇಡಿ.